ಸಹಾಯ ಬೇಕು: ಕೇಳದೇ ಮಾಡಿದ ಆಪ್ಷನ್ ಟ್ರೇಡ್, ಸ್ಕೋರ್ಸ್ ರಿವ್ಯೂ ಬಗ್ಗೆ

ನಮಸ್ಕಾರ ರೀ. ಬ್ಯಾಡಗಿಯ ಹಿರಿಯರೊಬ್ಬರ ಖಾತೆಯಲ್ಲಿ ಬ್ರೋಕರ್‌ನ ಸ್ಥಳೀಯ ಏಜೆಂಟ್ ಅವರನ್ನು ಕೇಳದೇ ನಿಫ್ಟಿ ಆಪ್ಷನ್ (ನಿಫ್ಟಿ ಸೂಚ್ಯಂಕದ ಏರಿಳಿತದ ಮೇಲಿನ ಒಪ್ಪಂದ) ವ್ಯವಹಾರ ಮಾಡಿದ್ದಾನೆ. ಸ್ಕೋರ್ಸ್‌ನಲ್ಲಿ (ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಆನ್‌ಲೈನ್ ದೂರು ವ್ಯವಸ್ಥೆ) ಕೊಟ್ಟ ದೂರಿಗೆ ಬ್ರೋಕರ್ ಕೊಟ್ಟ ಉತ್ತರ: ‘ಕಾಂಟ್ರ್ಯಾಕ್ಟ್ ನೋಟ್ (ಆದ ಟ್ರೇಡ್‌ಗಳ ವಿವರ ಪತ್ರ) ಕಳಿಸಿದ್ದೇವೆ, ಆಗ ತಕರಾರು ತೆಗೆದಿಲ್ಲ, ಅಂದಮೇಲೆ ಒಪ್ಪಿಗೆ ಇತ್ತು.’

ಈ ವಾದ ನಿಲ್ಲಬಾರದು. ಸೆಬಿಯ 2018ರ ಮಾರ್ಚ್ 22ರ ಸುತ್ತೋಲೆ ಪ್ರಕಾರ ಆರ್ಡರ್ ಕೊಟ್ಟದ್ದಕ್ಕೆ ಗ್ರಾಹಕರ ಸಹಿಯ ಕಾಗದ, ಫೋನ್ ರೆಕಾರ್ಡಿಂಗ್, ಇಮೇಲ್, ಎಸ್‌ಎಂಎಸ್, ಇಂಟರ್ನೆಟ್ ಲಾಗ್, ಇಂಥದ್ದೊಂದು ಪುರಾವೆ ಬ್ರೋಕರ್ ಹತ್ತಿರ ಇರಬೇಕು. ತಕರಾರು ಬಂದಾಗ ಹಾಜರುಪಡಿಸಬೇಕು. ಟ್ರೇಡ್ ಆದಮೇಲಿನ ಒಪ್ಪಿಗೆ, ಹಣದ ಪಾವತಿ ಇವನ್ನು ನೋಡುವುದು ತಾಂತ್ರಿಕ ವೈಫಲ್ಯದಂಥ ಅಪರೂಪದ ಸಂದರ್ಭದಲ್ಲಿ, ಅದಕ್ಕೂ ಕಾರಣ ಕೊಡಬೇಕು. ಇಲ್ಲಿ ರೆಕಾರ್ಡಿಂಗೂ ಇಲ್ಲ, ಕಾರಣವೂ ಇಲ್ಲ.

ತೊಡಕು ಒಂದೇ: ಏಜೆಂಟ್ ಹೇಳಿದನೆಂದು ಹಿರಿಯರು ನಡುವೆ ಮಾರ್ಜಿನ್ ಹಣ (ಟ್ರೇಡ್‌ಗೆ ಭದ್ರತೆಯಾಗಿ ಇಡುವ ಹಣ) ಹಾಕಿದ್ದಾರೆ. ಬ್ರೋಕರ್ ಇದನ್ನೇ ಗಟ್ಟಿಯಾಗಿ ಹಿಡಿಯುತ್ತಾರೆ. ಮಾರ್ಜಿನ್ ಕಟ್ಟಿದ್ದು ಹಿಂದಿನ ಟ್ರೇಡ್‌ಗಳಿಗೆ ಒಪ್ಪಿಗೆ ಆಗುತ್ತದೆಯೇ? ಇದರ ಮೇಲೆ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಆದೇಶ ಕಂಡವರು ತಿಳಿಸಿ.

ಬ್ರೋಕರ್ ಉತ್ತರ ಒಪ್ಪದಿದ್ದರೆ ಸ್ಕೋರ್ಸ್‌ನಲ್ಲೇ ಮೊದಲ ರಿವ್ಯೂ (ಮರುಪರಿಶೀಲನೆ) ಕೇಳಲು 15 ದಿನ ಅವಕಾಶ. ಸ್ಕೋರ್ಸ್ ದೂರು ಬಾಕಿ ಇರುವಾಗ ಸ್ಮಾರ್ಟ್ ಒಡಿಆರ್‌ಗೆ (ಆನ್‌ಲೈನ್ ರಾಜಿ, ಮಧ್ಯಸ್ಥಿಕೆಯ ವೇದಿಕೆ) ಹೋದರೆ ಆ ದೂರು ಅಲ್ಲೇ ಮುಗಿದಂತೆ. ಹೀಗಾಗಿ ರಿವ್ಯೂ ಮೊದಲೋ, ನೇರ ಒಡಿಆರೋ? ಆರ್ಡರ್ ಯಾವ ಕಂಪ್ಯೂಟರಿನಿಂದ ಹೋಯಿತೆಂದು ತೋರಿಸುವ ಟರ್ಮಿನಲ್ ಐಡಿ, ಐಪಿ ವಿಳಾಸದ ಲಾಗ್ ಕೇಳುವ ಅರ್ಜಿಯ ಮಾದರಿ ಇದ್ದರೆ ಹಾಕಿ. ಇಂಥ ಕೇಸು ನಡೆಸಿದ ಹುಬ್ಬಳ್ಳಿ-ಧಾರವಾಡ ಕಡೆಯ ವಕೀಲರು ಗ್ರೂಪಿನಲ್ಲಿದ್ದರೆ ಮೆಸೇಜ್ ಮಾಡ್ರಿ. ‘ಯಾಕ ನಂಬಿದ್ರು’ ಅನ್ನೋ ಕಾಮೆಂಟ್ ಮಾತ್ರ ಬ್ಯಾಡ.