ಮಳೆಗಾಲದ ಹಿತ್ತಲು ತುಂಬಿ ತುಳುಕ್ತಿದೆ, ಏನೇನು ಅಡುಗೆ ಮಾಡಬಹುದು ಹೇಳಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಹತ್ತಿರ ನಮ್ಮೆಜಮಾನರ ಹಳೇ ಮನೆಗೆ ಬಂದಿದ್ದೇವೆ. ಇಷ್ಟು ದಿನ ಹಿತ್ತಲೂ ಅತ್ತೆಯದ್ದೇ, ಒಲೆಯೂ ಅತ್ತೆಯದ್ದೇ. ಈಗ ಮೊಣಕಾಲು ನೋವೆಂದು ಅವರು ನಾದಿನಿ ಮನೆಯಲ್ಲಿದ್ದಾರೆ. ಇಲ್ಲಿ ನೋಡಿದರೆ ಬಸಳೆ ಚಪ್ಪರ ಬಗ್ಗಿದೆ, ಬಚ್ಚಲ ನೀರು ಹೋಗುವಲ್ಲಿ ಕೆಸು ಆಳೆತ್ತರ, ಬಾವಿಕಟ್ಟೆ ಸುತ್ತ ದೊಡ್ಡಪತ್ರೆ, ಒಂದೆಲಗ. ಬೇಲಿಗೆ ಚಕ್ರಮುನಿ. ಹೀರೇಕಾಯಿ ದಿನಾ ಎರಡು ಮೂರು. ಬೇಸಿಗೆಯಲ್ಲಿ ಕೊಯ್ದ ಸಾಂಬಾರ್ ಸೌತೆ ಮೂಲೆಯಲ್ಲಿ ರಾಶಿ ಬಿದ್ದಿದೆ. ನನಗೆ ಬರುವುದು ಪಲ್ಯ, ಬೇಳೆ ಸಾರು ಅಷ್ಟೇ. ಮಕ್ಕಳು ತಟ್ಟೆ ನೋಡಿ ಮುಖ ತಿರುಗಿಸುತ್ತಾರೆ. ಕೆಸು ತುರಿಸುತ್ತದೆ ಅಂತ ಮುಟ್ಟಿಯೇ ಇಲ್ಲ. ಫ್ರಿಜ್, ಮಿಕ್ಸಿ ಎರಡೂ ಇವೆ, ಕರೆಂಟ್ ಮಾತ್ರ ದೇವರು ಕೊಟ್ಟಾಗ. ನಿಮ್ಮನೆಗಳಲ್ಲಿ ಏನು ಮಾಡ್ತೀರಿ, ಅಳತೆ ಸಮೇತ ಹೇಳಿ.

ಸಾಗರದಿಂದ

ತಂಗಿ, ನೀನು ಹೇಳಿದ ಸೊಪ್ಪುಗಳಲ್ಲಿ ಅರ್ಧಕ್ಕರ್ಧ ತಂಬುಳಿಗೇ ಹುಟ್ಟಿದ್ದು. ದೊಡ್ಡಪತ್ರೆಯಿಂದ ಶುರು ಮಾಡು. 15-20 ಎಲೆ ಕೊಯ್ದು ತೊಳೆದು ಒರೆಸಿಕೋ. ಬಾಣಲೆಗೆ ಒಂದು ಚಮಚ ತುಪ್ಪ, ಅದರಲ್ಲಿ ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಜೀರಿಗೆ ಚಟಪಟ ಅಂದಕೂಡಲೇ ಎಲೆ ಹಾಕು. ಹಾಕಿದ ತಕ್ಷಣ ನೀರು ಬಿಟ್ಟುಕೊಂಡು ಎಲೆ ಮುದುಡುತ್ತದೆ, ಹಸಿರು ಹೋಗಿ ಕಂದು ಛಾಯೆಗೆ ತಿರುಗುತ್ತದೆ, ಘಾಟು ಇಳಿದು ಓಮದ ಪರಿಮಳ ನಿಲ್ಲುತ್ತದೆ. ಆಗ ಇಳಿಸು. ತಣಿದ ಮೇಲೆ ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ಅರೆದು, ಎರಡು ಲೋಟ ಮಜ್ಜಿಗೆ, ಉಪ್ಪು. ಸಾಸಿವೆ, ಒಣಮೆಣಸಿನ ಒಗ್ಗರಣೆ. ಮಜ್ಜಿಗೆ ಹುಳಿ ಬಂದಿರಬಾರದು. ಒಗ್ಗರಣೆ ಆದಮೇಲೆ ಮತ್ತೆ ಒಲೆಗೆ ಇಡಬಾರದು, ಒಡೆಯುತ್ತದೆ.

ಒಂದೆಲಗಕ್ಕೆ ಹುರಿಯುವ ಕೆಲಸವೂ ಇಲ್ಲ. ಬೇರಿನ ಮಣ್ಣು ಹೋಗುವ ಹಾಗೆ ನಾಲ್ಕು ಸಲ ತೊಳೆದು, ಹಸಿಯದ್ದನ್ನೇ ಕಾಯಿ, ಜೀರಿಗೆ, ಮೆಣಸಿನ ಜೊತೆ ಅರೆದು ಮಜ್ಜಿಗೆಗೆ ಹಾಕು. ಬಾವಿಕಟ್ಟೆಯದ್ದು ಅಂದೆಯಲ್ಲ, ಪಾತ್ರೆ ತೊಳೆದ ನೀರು ಹರಿಯುವ ಜಾಗದ್ದು ಬೇಡ, ಚೊಕ್ಕ ಜಾಗದ್ದನ್ನೇ ಆರಿಸಿಕೋ. ಹಸಿಯಾಗಿ ತಿನ್ನುವುದು ತಾನೇ.

ಇದೇ ಕ್ರಮದಲ್ಲಿ ಪೇರಲೆ ಚಿಗುರು, ಬಸಳೆ ಎಲೆ, ಒಣಗಿಸಿಟ್ಟ ದಾಳಿಂಬೆ ಸಿಪ್ಪೆ ಎಲ್ಲವೂ ಆಗುತ್ತವೆ. ಸೊಪ್ಪು ಬದಲಾಗುತ್ತದೆ, ಕೈ ಅದೇ. ಬಿಸಿ ಅನ್ನಕ್ಕೆ ಮೊದಲ ಸಲ ಕಲಸುವುದೇ ತಂಬುಳಿ, ಸಾರು ಆಮೇಲೆ. ಮಕ್ಕಳಿಗೆ ಬಸಳೆ ತಂಬುಳಿ ಮೊದಲು ಕೊಡು, ಅದಕ್ಕೆ ಘಾಟಿಲ್ಲ. ಒಂದೆಲಗದ್ದು ಆಮೇಲೆ ನೋಡಿಕೊಂಡರಾಯಿತು.

ಪುತ್ತೂರಿನಿಂದ

ಕೆಸು ಆಳೆತ್ತರ ಇಟ್ಟುಕೊಂಡು ಮುಟ್ಟದೆ ಕೂತಿದ್ದೀರಾ ಮಾರಾಯ್ತಿ! ನಮ್ಮಲ್ಲಿ ಆಟಿ ತಿಂಗಳು ಬಂತೆಂದರೆ ಪತ್ರೊಡೆ ಆಗದ ಮನೆ ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಅವಸರ ಮಾಡಿದರೆ ಗಂಟಲು ಹಿಡಿಯುವುದು ಇದೇ ಅಡುಗೆ.

ಎರಡು ಪಾವು ಬೆಳ್ತಿಗೆ ಅಕ್ಕಿ, ಅಂದರೆ ಕುಚ್ಚಲು ಅಲ್ಲದ ಬಿಳಿ ಅಕ್ಕಿ, 4 ಗಂಟೆ ನೆನೆಯಲಿ. ಅರ್ಧ ತೆಂಗಿನಕಾಯಿ, ಏಳೆಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಚಿಟಿಕೆ ಅರಸಿನ, ದೊಡ್ಡ ನಿಂಬೆ ಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಉಪ್ಪು. ಮೊದಲು ಮಸಾಲೆ ನುಣ್ಣಗೆ, ಮೇಲಿಂದ ಅಕ್ಕಿ ಹಾಕಿ ಸಣ್ಣ ರವೆಯ ಹದಕ್ಕೆ ಅರೆಯಿರಿ. ನೀರು ಜಾಸ್ತಿ ಆದರೆ ಎಲೆ ಮೇಲೆ ನಿಲ್ಲುವುದಿಲ್ಲ. ಹಿಟ್ಟು ನಾಲಿಗೆಗೆ ಹಚ್ಚಿ ನೋಡಿ: ಹುಳಿ, ಉಪ್ಪು, ಖಾರ ಮೂರೂ ಸ್ವಲ್ಪ ಮುಂದೆ ಇರಬೇಕು, ಎಲೆ ಸೇರಿದ ಮೇಲೆ ಸರಿಹೋಗುತ್ತದೆ.

ಎಲೆ ಕೊಯ್ಯುವಾಗ ತೀರಾ ಬಲಿತದ್ದು ಬೇಡ, ಅಂಗೈಗಿಂತ ಸ್ವಲ್ಪ ದೊಡ್ಡದು ಸಾಕು. 15ರಿಂದ 20 ಬೇಕು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಎಲೆ ಮಗುಚಿ ಹಾಕಿ ಬೆನ್ನ ಕಡೆಯ ದಪ್ಪ ನರವನ್ನು ಚೂರಿ ಅಡ್ಡ ಹಿಡಿದು ಎಲೆಯ ಮಟ್ಟಕ್ಕೆ ಕೆತ್ತಬೇಕು, ಎಲೆ ಹರಿಯಬಾರದು. ನರ ತೆಗೆಯದಿದ್ದರೆ ಸುತ್ತುವಾಗ ಸೀಳುತ್ತದೆ, ಬೇಯುವುದೂ ತಡ. ಬೆನ್ನಿಗೇ ಹಿಟ್ಟು ತೆಳ್ಳಗೆ ಸವರಿ. ಅದರ ಮೇಲೆ ಇನ್ನೊಂದು ಎಲೆ, ಇದರ ತುದಿ ಅದರ ತೊಟ್ಟಿನ ಕಡೆ ಬರುವ ಹಾಗೆ. ಹೀಗೆ ನಾಲ್ಕೈದು ಎಲೆ ಆದಮೇಲೆ ಎರಡೂ ಬದಿ ಒಳಕ್ಕೆ ಮಡಚಿ, ಮೇಲೆ ಹಿಟ್ಟು ಸವರುತ್ತಾ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ. ಅಟ್ಟಿನಳಗೆಯಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ, 45 ನಿಮಿಷಕ್ಕೆ ಕಡಿಮೆ ಬೇಡ.

ತುರಿಕೆಗೆ ಕಾರಣ ಎಲೆಯೊಳಗಿನ ಸೂಜಿಯಂಥ ಹರಳುಗಳು, ಕ್ಯಾಲ್ಸಿಯಂ ಆಕ್ಸಲೇಟ್. ಹುಣಸೆಯೂ ದೀರ್ಘ ಬೇಯುವಿಕೆಯೂ ಎರಡೂ ಸರಿಯಾಗಿದ್ದರೆ ತೊಂದರೆ ಕೊಡುವುದಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಕಿಡ್ನಿಯಲ್ಲಿ ಕಲ್ಲಾಗಿದ್ದರೆ ಅವರ ಪಾಲಿಗೆ ಬೇಡವೇ ಬೇಡ. ಮತ್ತೆ ಬಚ್ಚಲಿನ ಕೆಸು ಕೆಲವು ಕಡೆ ತುಂಬಾ ತುರಿಸುವ ಜಾತಿಯದ್ದಿರುತ್ತದೆ. ನಿಮ್ಮದು ಅಡುಗೆಯ ಕೆಸು ಹೌದಾ ಅಂತ ಅತ್ತೆಯನ್ನು ಕೇಳಿಯೇ ಕೈ ಹಾಕಿ. ಮಳೆ ಶುರುವಾದ ಮೇಲೆ ಮರದ ಕಾಂಡದಲ್ಲಿ ಚಿಗುರುವ ಮರಕೆಸು ಸಿಕ್ಕಿದರೆ ಬಿಡಬೇಡಿ, ಪತ್ರೊಡೆಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಬಿಸಿ ಇದ್ದಾಗ ತುಂಡು ಮಾಡಬೇಡಿ, ಹಿಟ್ಟು ಅಂಟುತ್ತದೆ. ತಣಿದ ಮೇಲೆ ಬೆರಳು ದಪ್ಪಕ್ಕೆ ಕೊಯ್ದು ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕಾಯಿಸಿ. ಮಕ್ಕಳಿಗೆ ಬೇಕಾದರೆ ಮರುದಿನ ಪುಡಿ ಮಾಡಿ, ಸಾಸಿವೆ ಕರಿಬೇವಿನ ಒಗ್ಗರಣೆಗೆ ಬೆಲ್ಲ, ಕಾಯಿತುರಿ ಹಾಕಿ ಅದರಲ್ಲಿ ಮಗುಚಿ ಕೊಡಿ.

ಕೇಳಿದವರು

ಅಕ್ಕ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಟ್ಟಿನಳಗೆ ಅಟ್ಟದ ಮೇಲಿದೆ, ತಳ ತೂತಾಗಿದೆ. ಕುಕ್ಕರ್‌ನಲ್ಲಿ ಆಗುತ್ತಾ? ಅತ್ತೆಗೆ ಫೋನ್ ಮಾಡಿದೆ. ಕಪ್ಪು ದಂಟಿನದ್ದು ಅಡುಗೆಯದ್ದು, ಬೇಲಿಯಾಚೆ ಇರುವುದು ಕಾಡು ಕೆಸು, ಅದಕ್ಕೆ ಕೈ ಹಾಕಬೇಡ ಅಂದರು.

ಪುತ್ತೂರಿನಿಂದ

ಧಾರಾಳ ಆಗುತ್ತದೆ. ವೈಟ್ ತೆಗೆದಿಡಿ, ಇಡ್ಲಿ ಬೇಯಿಸುವ ಹಾಗೆ. ಅಡಿಯ ನೀರು ಆರದ ಹಾಗೆ ನೋಡಿಕೊಳ್ಳಿ ಅಷ್ಟೆ.

ಮಂಡ್ಯದಿಂದ

ಅಲ್ಲ ಕಣವ್ವ, ಒಂದೊಂದು ಸೊಪ್ಪಿಗೆ ಒಂದೊಂದು ಅಡುಗೆ ಅಂತ ಯಾಕೆ ತಲೆ ಕೆಡಿಸ್ಕೊಂಡೀಯೆ? ಹಿತ್ತಲಲ್ಲಿ ಒಂದು ಹಿಡಿ ಇದು, ಒಂದು ಹಿಡಿ ಅದು ಸಿಗೋ ದಿನ ಬಸ್ಸಾರು ಮಾಡು. ಚಕ್ರಮುನಿ, ದಂಟು, ಕುಂಬಳದ ಕುಡಿ, ನುಗ್ಗೆಸೊಪ್ಪು, ಗದ್ದೆ ಬದಿ ಹೊನಗೊನೆ, ಏನು ಸಿಕ್ಕಿದ್ರೂ ಸೈ. ಕೆಸು ಮಾತ್ರ ಇದಕ್ಕೆ ಹಾಕ್ಬೇಡ. ಬಸಳೆನೂ ನಾಲ್ಕೆಲೆ ಸಾಕು, ಜಾಸ್ತಿಯಾದ್ರೆ ಲೋಳೆ.

ಒಂದು ಪಾವು ತೊಗರಿಬೇಳೆನೋ ಅಲಸಂದೆ ಕಾಳೋ ಮುಕ್ಕಾಲು ಬೇಯಿಸಿ ಸೊಪ್ಪು, ಉಪ್ಪು ಹಾಕು. ಬೆಂದ ಮೇಲೆ ಕಟ್ಟು ಬಸಿದುಕೋ. ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು ಎಣ್ಣೇಲಿ ಹುರಿದು, ಸ್ವಲ್ಪ ಕಾಯಿ, ಎರಡು ಚಮಚ ಸಾರಿನ ಪುಡಿ, ಹುಣಸೆಹಣ್ಣು, ಬೆಂದ ಸೊಪ್ಪು ಬೇಳೆ ಒಂದು ಹಿಡಿ ಸೇರಿಸಿ ರುಬ್ಬು. ಆ ಖಾರವನ್ನ ಕಟ್ಟಿಗೆ ಹಾಕಿ ಚೆನ್ನಾಗಿ ಕುದಿಸು. ಉಳಿದ ಸೊಪ್ಪು ಬೇಳೆಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಒಂದೇ ಪಾತ್ರೆಲಿ ಸಾರೂ ಆಯ್ತು, ಪಲ್ಯಾನೂ ಆಯ್ತು. ಮುದ್ದೆ ಜೊತೆ ಮಕ್ಕಳು ತಿನ್ನದಿದ್ರೆ ನನ್ನ ಕೇಳು. ಮಾರನೇ ದಿನ ಕುದಿಸಿದ ಸಾರು ಇನ್ನೂ ರುಚಿ. ಬೆಲ್ಲ ಗಿಲ್ಲ ಹಾಕೋಕ್ ಹೋಗ್ಬೇಡ ಮತ್ತೆ.

ಉಡುಪಿಯಿಂದ

ಬೆಲ್ಲದ ಮೇಲೆ ಇಷ್ಟು ಸಿಟ್ಟು ಯಾಕೆ? ಹುಳಿ ಇರುವಲ್ಲಿ ಚೂರು ಬೆಲ್ಲ ಇರಬೇಕು ಅಂತ ನಮ್ಮ ಕಡೆ ಲೆಕ್ಕ. ಇರಲಿ, ಬಸಳೆ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ.

ಬಸಳೆಯಲ್ಲಿ ಎಲೆಗಿಂತ ದಂಟಿಗೆ ರುಚಿ. ಉಗುರು ಚುಚ್ಚಿದರೆ ಒಳಗೆ ಹೋಗುವಷ್ಟು ಎಳೆಯದು ಇರಬೇಕು, ನಾರು ಬಂದದ್ದನ್ನು ಮತ್ತೆ ಮಣ್ಣಿಗೆ ಊರಿ, ಚಿಗುರುತ್ತದೆ. ದಂಟು ಎರಡಿಂಚು ತುಂಡು ಮಾಡಿ, ಜಜ್ಜಿ ಸಿಪ್ಪೆ ತೆಗೆದ ಹಲಸಿನ ಬೀಜದ ಜೊತೆ ಉಪ್ಪು ಹಾಕಿ ಬೇಯಿಸಿ. ಬೀಜ ಮೆತ್ತಗಾದ ಮೇಲೆ ಎಲೆ. ಎಲೆ ಮೊದಲೇ ಹಾಕಿದರೆ ಕರಗಿ ಲೋಳೆಯಾಗುತ್ತದೆ, ಬಸಳೆ ಇಷ್ಟವಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಅಂಥದ್ದನ್ನು ತಿಂದವರೇ. ಒಂದು ಬಟ್ಟಲು ಕಾಯಿತುರಿ, ಹುರಿದ ಆರು ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕೇ ನಾಲ್ಕು ಕಾಳು ಮೆಂತೆ, ಹುಣಸೆ ಹಾಕಿ ಅರೆದು ಸೇರಿಸಿ ಕುದಿಸಿ. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ ಕೆಂಪಗೆ ಒಗ್ಗರಣೆ. ಮೀನು ತಿನ್ನುವವರು ಬೀಜದ ಬದಲು ಸೀಗಡಿ ಹಾಕುತ್ತಾರೆ, ಅದರ ಮಾತೇ ಬೇರೆ. ಕುಚ್ಚಲಕ್ಕಿ ಅನ್ನಕ್ಕೆ ಇದು.

ಸಾಗರದಿಂದ

ಬೆಳ್ಳುಳ್ಳಿ ತಿನ್ನದ ಮನೆಯವರು ಇಂಗು ಹಾಕಿದರೂ ಸರಿ. ನಮ್ಮಲ್ಲಿ ಹಾಗೇ. ಬೆಲ್ಲಕ್ಕೆ ನನ್ನದೂ ಒಂದು ಓಟು.

ಧಾರವಾಡದಿಂದ

ಅಕ್ಕಾರ, ಹೀರಿಕಾಯಿ ಹೆರೆದು ಸಿಪ್ಪಿ ಒಗೀತೀರೇನು? ಒಗೀಬ್ಯಾಡ್ರಿ. ಸಿಪ್ಪಿ ಸಣ್ಣಗ ಹೆಚ್ಚಿ ಎಣ್ಣ್ಯಾಗ ಬಾಡಿಸ್ರಿ, ಹಸಿ ವಾಸನಿ ಹೋಗಿ ಅಂಚು ಗರಿಗರಿ ಆಗೂಮಟ. ಅದರಾಗ ನಾಕು ಹಸಿಮೆಣಸಿನಕಾಯಿ ಹುರೀರಿ. ಹುರಿದ ಶೇಂಗಾ ಒಂದು ಮುಷ್ಟಿ, ಬೆಳ್ಳೊಳ್ಳಿ, ಸ್ವಲ್ಪ ಹುಣಸಿಹಣ್ಣು, ಉಪ್ಪು, ಬೆಲ್ಲ ಹಾಕಿ ಒಳ್ಳಾಗ ಕುಟ್ರಿ. ಕರೆಂಟ್ ಬೇಕಾಗಂಗಿಲ್ಲ, ಮಿಕ್ಸಿಗಿಂತ ಕುಟ್ಟಿದ್ದಕ್ಕ ರುಚಿ ಜಾಸ್ತಿ. ರೊಟ್ಟಿಗೂ ಆತು, ಬಿಸಿ ಅನ್ನಕ್ಕೂ ಆತು.

ನಿಮ್ಮ ಹಿತ್ತಲದಾಗ ನೀರು ನಿಲ್ಲಲಾರದ ಜಾಗ ಇದ್ರ ಪುಂಡಿ ಬೀಜ ಚೆಲ್ರಿ. ಪುಂಡಿ ಸೊಪ್ಪು, ಜೋಳದ ನುಚ್ಚು, ತೊಗರಿಬ್ಯಾಳಿ ಕೂಡಿಸಿ ಕುದಿಸಿ ಕಡದು, ಬೆಳ್ಳೊಳ್ಳಿ ಒಗ್ಗರಣಿ ಕೊಟ್ರ ಅದಽ ಪುಂಡಿಪಲ್ಯ. ಹುಣಸಿ ಬ್ಯಾಡ, ಸೊಪ್ಪಽ ಹುಳಿ. ಫ್ರಿಜ್ ಇಲ್ದಽ ಮರುದಿನಾನೂ ತಿನ್ನಬಹುದು.

ಮೈಸೂರಿನಿಂದ

ಒಂದು ಎಚ್ಚರಿಕೆ ಅಷ್ಟೇ. ಚಕ್ರಮುನಿಯನ್ನು ವಿಟಮಿನ್ ಸೊಪ್ಪು ಅಂತ ಹೇಳಿ ಹಸಿ ರಸ ಮಾಡಿ ಕುಡಿಯಲು ಹೇಳುವವರಿದ್ದಾರೆ. ಬೇಡ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರಿಗೆ ಶ್ವಾಸಕೋಶ ಕೆಟ್ಟಿತ್ತು. ಬೇಯಿಸಿ ಆಗಾಗ ತಿನ್ನುವುದು ಬೇರೆ ವಿಷಯ. ನಮ್ಮನೆಯಲ್ಲಿ ಎಳೇ ಕುಡಿ ಹೆಚ್ಚಿ ಅಕ್ಕಿ ರೊಟ್ಟಿ ಹಿಟ್ಟಿಗೆ ಹಾಕುತ್ತೇವೆ, ಜೊತೆಗೆ ಕಾಯಿತುರಿ, ಈರುಳ್ಳಿ, ಜೀರಿಗೆ. ಮಕ್ಕಳಿಗೆ ಸೊಪ್ಪು ಇದೆ ಅಂತಲೇ ಗೊತ್ತಾಗುವುದಿಲ್ಲ.

ಕೇಳಿದವರು

ಒಳ್ಳೇದಾಯ್ತು ಹೇಳಿದ್ದು, ಪಕ್ಕದ ಮನೆಯವರು ಇವತ್ತು ಬೆಳಿಗ್ಗೆಯಷ್ಟೇ ರಸ ಕುಡಿಯಿರಿ ಅಂದಿದ್ದರು. ಬಸಳೆ ತಂಬುಳಿ ಮಾಡಿದೆ. ದೊಡ್ಡವನು ಎರಡನೇ ಸಲ ಹಾಕಿಸಿಕೊಂಡ, ಚಿಕ್ಕವಳು ಇದಕ್ಕಿಂತ ಮ್ಯಾಗಿ ವಾಸಿ ಅಂದಳು. ಸೌತೆಕಾಯಿ ರಾಶಿಗೆ ಏನಾದರೂ ಹೇಳಿ, ಎರಡು ಆಗಲೇ ಕೊಳೆತು ನೀರು ಬಿಟ್ಟಿವೆ.

ಪುತ್ತೂರಿನಿಂದ

ರಾಶಿ ಹಾಕಿದರೆ ಕೊಳೆಯದೆ ಇನ್ನೇನಾಗುತ್ತದೆ! ಒಂದಕ್ಕೊಂದು ತಾಗಬಾರದು, ನೆಲದ ತೇವವೂ ತಾಗಬಾರದು. ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಒಲೆಯ ಹೊಗೆ ಗಾಳಿ ಆಡುವಲ್ಲಿ ಜಂತಿಗೆ ನೇತು ಹಾಕಿ. ಗಾಯ ಆಗದ, ಬಲಿತ ಕಾಯಿ ಹೀಗೆ ತಿಂಗಳುಗಟ್ಟಲೆ ಇರುತ್ತದೆ, ಮಳೆಗಾಲಕ್ಕೆ ನಮ್ಮ ತರಕಾರಿ ಅಂಗಡಿ ಅದೇ. ತೊಟ್ಟಿನ ಹತ್ತಿರ ಮೆತ್ತಗಾದದ್ದನ್ನು ಮೊದಲು ಖರ್ಚು ಮಾಡಿ. ಕೊಯ್ದ ಕೂಡಲೇ ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಇಡೀ ಕಾಯಿ ಗೊಬ್ಬರದ ಗುಂಡಿಗೆ. ಕಹಿ ಸೌತೆ ಬೇಯಿಸಿದರೂ ಹೊಟ್ಟೆ ಕೆಡಿಸುತ್ತದೆ.

ಹೋಳು ಹುಳಿಗೆ ಹೋಯಿತು, ಒಳಗಿನ ತಿರುಳು ಎಸೆಯಬೇಡಿ. ಬೀಜ ಬಿಡಿಸಿ ಇಟ್ಟುಕೊಳ್ಳಿ, ಸ್ವಲ್ಪ ಬಿತ್ತಲಿಕ್ಕೆ ಒಣಗಿಸಿ. ಎರಡು ಪಾವು ನೆನೆದ ಬೆಳ್ತಿಗೆ ಅಕ್ಕಿಯನ್ನು ನೀರಿನ ಬದಲು ಆ ತಿರುಳನ್ನೇ ಹಾಕಿ ನುಣ್ಣಗೆ ಅರೆದು, ಉಪ್ಪು ಹಾಕಿ ಆಗಲೇ ದೋಸೆ ಹೊಯ್ಯಿರಿ. ಉದ್ದು ಬೇಡ, ಹುಳಿ ಬರುವುದು ಬೇಡ. ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸಿ. ಜೋನಿಬೆಲ್ಲ ಸವರಿ ಆ ಚಿಕ್ಕವಳಿಗೆ ಕೊಡಿ, ಮ್ಯಾಗಿ ಕೇಳುತ್ತಾಳಾ ನೋಡುವ.

ಮಂಡ್ಯದಿಂದ

ದೋಸೆಗೂ ಬೆಲ್ಲಾನಾ! ಹೀರೆಕಾಯಿ ಸಿಪ್ಪೆ ಚಟ್ನಿ ಜೊತೆ ಕೊಡು ಕಣವ್ವ.