ಸಹಾಯ ಬೇಕು: ಜನತಾ ವಾಚ್ ಮಗುಚಿಟ್ಟರೆ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ಅತ್ತಿತ್ತ ತಿರುಗುವ ಕೋನ) ಬೀಳುತ್ತಿದೆ
ಎಚ್‌ಎಂಟಿ ಜನತಾ, 17 ಜ್ಯೂವೆಲ್, ಕೀ ಕೊಡುವ ಮೂವ್‌ಮೆಂಟ್. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ್ದೇನೆ. ಫುಲ್ ಕೀ ಕೊಟ್ಟಾಗ ಟೈಮ್‌ಗ್ರಾಫರ್‌ನಲ್ಲಿ (ವಾಚಿನ ಟಿಕ್ ಸದ್ದು ಕೇಳಿ ಅಳೆಯುವ ಯಂತ್ರ) ಡಯಲ್ ಮೇಲಿದ್ದರೆ 265 ಡಿಗ್ರಿ, ಮಗುಚಿದರೆ 205. ಅದರಲ್ಲಿ ಹಾಕಿದ ಲಿಫ್ಟ್ ಆಂಗಲ್ (ಆಂಪ್ಲಿಟ್ಯೂಡ್ ಲೆಕ್ಕಕ್ಕೆ ಬೇಕಾದ, ಮೂವ್‌ಮೆಂಟ್‌ಗೆ ತಕ್ಕ ಕೋನ) ತಪ್ಪಿದ್ದರೂ ಇಷ್ಟು ಅಂತರ ಬರಬಾರದು.

ಮಗುಚಿದಾಗ ಬ್ಯಾಲೆನ್ಸ್ ಡಯಲ್ ಕಡೆಯ ಪಿವೊಟ್ (ಅಕ್ಷದ ಸಣ್ಣ ತುದಿ) ಮೇಲೆ ನಿಲ್ಲುತ್ತದೆ, ಹಾಗಾಗಿ ಅನುಮಾನ ಅಲ್ಲೇ. ಆ ಕಡೆಯ ಕ್ಯಾಪ್ ಜ್ಯೂವೆಲ್ (ಪಿವೊಟ್ ತುದಿ ಊರಿ ನಿಲ್ಲುವ ಕಲ್ಲು) ಎರಡು ಸಲ ತೆಗೆದು ತೊಳೆದು 9010 ವಾಚ್ ಎಣ್ಣೆ ಹಾಕಿದೆ. ಎಣ್ಣೆ ಕಲ್ಲಿನ ಮೂರರಲ್ಲಿ ಎರಡು ಪಾಲು ಅಗಲಕ್ಕೆ ದುಂಡಗೆ ನಿಂತಿದೆ. ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸಿನ ಸುರುಳಿ ಸ್ಪ್ರಿಂಗ್) ಎಲ್ಲೂ ತಾಗುತ್ತಿಲ್ಲ. ಪ್ಯಾಲೆಟ್ (ಬ್ಯಾಲೆನ್ಸನ್ನು ತಳ್ಳುವ ಸನ್ನೆ) ಪಿವೊಟ್‌ಗೆ ಎಣ್ಣೆ ಮುಟ್ಟಿಸಿಲ್ಲ. 20 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಭೂತಗನ್ನಡಿ) ಪಿವೊಟ್ ತುದಿ ಚಪ್ಪಟೆಯಾಗಿ, ಅಂಚು ಅಣಬೆಯಂತೆ ಹೊರಚಾಚಿದ ಹಾಗೆ ಕಾಣುತ್ತಿದೆ.

ಇದನ್ನು ಜಾಕೋ ಟೂಲ್‌ನಲ್ಲಿ (ಪಿವೊಟ್ ನಯ ಮಾಡುವ ಸಲಕರಣೆ) ಬರ್ನಿಶ್ ಮಾಡಬಹುದೇ (ಉಜ್ಜಿ ಹೊಳಪು ಕೊಡಬಹುದೇ), ಬ್ಯಾಲೆನ್ಸ್ ಕಂಪ್ಲೀಟ್ (ಚಕ್ರ, ಅಕ್ಷ, ಹೇರ್‌ಸ್ಪ್ರಿಂಗ್ ಸೇರಿದ ಇಡೀ ಜೋಡಣೆ) ಬದಲಿಸಲೇಬೇಕೇ? ಕ್ಯಾಪ್ ಜ್ಯೂವೆಲ್‌ನಲ್ಲಿ ಗುಳಿ ಬಿದ್ದಿದ್ದರೆ ಹೊಸ ಪಿವೊಟ್ಟೂ ಸವೆಯುತ್ತದೆ, ಅದನ್ನು ಮೈಕ್ರೋಸ್ಕೋಪ್ ಇಲ್ಲದೆ ಪತ್ತೆ ಹಚ್ಚುವುದು ಹೇಗೆ? ಬೆಂಗಳೂರಿನಲ್ಲಿ ಜಾಕೋ ಟೂಲ್ ಇರುವವರಿದ್ದರೆ ದಯವಿಟ್ಟು ತಿಳಿಸಿ.