ಕೆಡವಲಿರುವ ಹಳೆಯ ಟಾಕೀಸಿನ ಇತಿಹಾಸವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ:
ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ಬಹುಕಾಲದಿಂದ ಬಾಗಿಲು ಹಾಕಿರುವ ಚಿತ್ರಮಂದಿರವನ್ನು ಸದ್ಯದಲ್ಲೇ ಕೆಡವಲಿದ್ದಾರೆ. ಮೊದಲು ಜಾತ್ರೆಯ ಬಯಲಿನಲ್ಲಿ ಟೆಂಟು ಇತ್ತು, ಆಮೇಲೆ ತಗಡಿನ ಶೆಡ್ಡಾಯಿತು, ಕಡೆಗೆ ಕಲ್ಲಿನ ಕಟ್ಟಡ ಎದ್ದಿತು ಎಂದು ಹಿರಿಯರು ಹೇಳುತ್ತಾರಾದರೂ ಇಸವಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಮಾಲೀಕರ ಮನೆಯಲ್ಲಿ ಕಾಗದಪತ್ರ ಉಳಿದಿಲ್ಲ. ಪ್ರೊಜೆಕ್ಟರ್ ಕೋಣೆಯ ಮೇಲೆ ಎರಡು ಹೊಗೆಕೊಳವೆಗಳಿವೆ. ಕಿಂಡಿಗಳಿಗೆ ಮೇಲಿನಿಂದ ಜಾರಿ ಬೀಳುವ ಕಬ್ಬಿಣದ ಮುಚ್ಚಳಗಳಿವೆ. ಇವುಗಳಿಂದ ಕಟ್ಟಡದ ಕಾಲ ತಿಳಿಯಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹುಬ್ಬಳ್ಳಿಯಿಂದ, ನಿವೃತ್ತ ಆಪರೇಟರ್):
ಸರ್, ಎರಡು ಕೊಳವೆ ಎಂದರೆ ಅಲ್ಲಿ ಕಾರ್ಬನ್ ದೀಪದ ಎರಡು ಯಂತ್ರಗಳಿದ್ದವು ಎಂದರ್ಥ. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಉರಿಯುವ ಆ ಬೆಳಕು ವಿಪರೀತ ಹೊಗೆಯುಗುಳುತ್ತಿತ್ತು; ಕಡ್ಡಿ ಸವೆದಂತೆಲ್ಲ ಅವುಗಳ ಅಂತರವನ್ನು ಸರಿಪಡಿಸುತ್ತಲೇ ಇರಬೇಕಾಗಿತ್ತು, ಒಂದು ಕ್ಷಣ ಕಣ್ಣು ತಪ್ಪಿದರೂ ಪರದೆ ಮಂಕಾಗಿ ಕೆಳಗೆ ಸಿಳ್ಳೆ ಏಳುತ್ತಿತ್ತು. 2000 ಅಡಿಯ ರೀಲು ಸುಮಾರು 22 ನಿಮಿಷ ಓಡುತ್ತದೆ. ಅದು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದೊಡನೆ ಎರಡನೇ ಯಂತ್ರದ ಮೋಟಾರು ಚಾಲೂ ಮಾಡಿ, ಇನ್ನೊಂದು ಚುಕ್ಕೆಗೆ ಬೆಳಕನ್ನು ಅದಕ್ಕೆ ಬದಲಿಸುತ್ತಿದ್ದೆವು. ಒಂದೇ ಯಂತ್ರವಿದ್ದ ಟೆಂಟುಗಳಲ್ಲಿ ಪ್ರತಿ ರೀಲಿಗೂ ಆಟ ನಿಲ್ಲುತ್ತಿತ್ತು. ಕಬ್ಬಿಣದ ಮುಚ್ಚಳಗಳು ಬೆಂಕಿ ಪ್ರೇಕ್ಷಕರತ್ತ ಹಾಯದಿರಲೆಂದು ಮಾಡಿದವು. ಥಟ್ಟನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ತಯಾರಿಕೆ 1950ರ ದಶಕದ ಆರಂಭದಲ್ಲೇ ನಿಲ್ಲತೊಡಗಿದರೂ ಇಂಥ ಮುಚ್ಚಳಗಳನ್ನು ಅನಂತರದ ಕಟ್ಟಡಗಳಲ್ಲಿಯೂ ಹಾಕುತ್ತಿದ್ದರು. ಆದ್ದರಿಂದ ಅವುಗಳನ್ನಷ್ಟೇ ನೋಡಿ ಇಸವಿ ಬರೆಯಬೇಡಿರಿ.

ಉತ್ತರ 2 (ಧಾರವಾಡದಿಂದ):
ಇಸವಿಗೆ ಪರವಾನಗಿಯ ಕಡತವೇ ಆಧಾರ. ಹಾವೇರಿ ಮತ್ತು ಗದಗ ಜಿಲ್ಲೆಗಳು ರಚನೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಡತಗಳನ್ನು ಧಾರವಾಡದ ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ವಿಚಾರಿಸಬೇಕು. 1956ರ ನವೆಂಬರ್ 1ರವರೆಗೆ ನಮ್ಮ ಭಾಗ ಮುಂಬಯಿ ರಾಜ್ಯದಲ್ಲಿದ್ದುದರಿಂದ ಅಂದಿನ ಪತ್ರಗಳಲ್ಲಿ ಮುಂಬಯಿಯ 1953ರ ಸಿನಿಮಾ ಕಾಯ್ದೆಯ ಉಲ್ಲೇಖವಿರಬಹುದು; ಆಮೇಲೆ ಬಂದದ್ದು ನಮ್ಮ ರಾಜ್ಯದ 1964ರ ಕಾಯ್ದೆ. ಟೆಂಟಿಗೆ ಕೊಡುತ್ತಿದ್ದುದು ಅವಧಿ ಗೊತ್ತುಪಡಿಸಿದ ಪರವಾನಗಿ. ಅದು ಕಾಯಂ ಪರವಾನಗಿಯಾಗಿ ಬದಲಾದ ವರ್ಷವೇ ನಿಮಗೆ ಬೇಕಾದದ್ದು. ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಟಾಕೀಸಿನ ಹೆಸರಿನ ಜೊತೆಗೆ ಸಿಟಿ ಸರ್ವೆ ನಂಬರನ್ನೂ ಬರೆಯಿರಿ, ಏಕೆಂದರೆ ಮಾಲೀಕರು ಬದಲಾದಾಗ ಹೆಸರೂ ಬದಲಾಗಿರುತ್ತದೆ. ಪುರಸಭೆಯ ಕರ ವಸೂಲಿ ಪುಸ್ತಕಗಳನ್ನೂ ಬಿಡಬೇಡಿ. ಹುಬ್ಬಳ್ಳಿಯಿಂದ ಹೊರಡುವ ಸಂಯುಕ್ತ ಕರ್ನಾಟಕದ ಹಳೆಯ ಸಂಚಿಕೆಗಳಲ್ಲಿ ಸಿನಿಮಾ ಜಾಹೀರಾತುಗಳಿವೆಯಾದರೂ, ಚಿತ್ರ ಬಿಡುಗಡೆಯಾದ ವರ್ಷವನ್ನೇ ನಿಮ್ಮೂರಿನಲ್ಲಿ ಅದು ಓಡಿದ ವರ್ಷವೆಂದು ಹಿಡಿಯಲಾಗದು: ಪ್ರಿಂಟುಗಳು ಕಡಿಮೆಯಿದ್ದ ಕಾಲದಲ್ಲಿ ದೊಡ್ಡ ಊರುಗಳ ಆಟ ಮುಗಿದ ಮೇಲೆಯೇ ರೀಲಿನ ಪೆಟ್ಟಿಗೆ ಸಣ್ಣ ಊರಿನ ಬಸ್ಸು ಹತ್ತುತ್ತಿತ್ತು.

ಉತ್ತರ 3 (ಗದಗದಿಂದ):
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳು ಬೆಳೆದ ಸೀಮೆ ನಮ್ಮದು. ಇಲ್ಲಿ ಸಿನಿಮಾದ ಕಟ್ಟಡ ಮೊದಲು ನಾಟಕಕ್ಕಾಗಿಯೇ ಎದ್ದಿದ್ದರೂ ಆಶ್ಚರ್ಯವಿಲ್ಲ. ಪರದೆಯ ಹಿಂದೆ ಆಳವಾದ ಕಟ್ಟೆ, ಅದರ ಎರಡೂ ಮಗ್ಗುಲಿಗೆ ಬಾಗಿಲು, ಬಣ್ಣ ಹಚ್ಚಿಕೊಳ್ಳಲು ಕೋಣೆ ಇವೆಯೇ ಎಂದು ಮೊದಲು ನೋಡಿರಿ. ಬಾಲ್ಕನಿ ಮತ್ತು ಪ್ರೊಜೆಕ್ಟರ್ ಕೋಣೆಯ ಗೋಡೆಗಳು ಮೂಲ ಕಲ್ಲಿನ ಗೋಡೆಗೆ ಬೆಸೆದುಕೊಂಡಿಲ್ಲದೆ ಇಟ್ಟಿಗೆಯಿಂದ ಆನಿಸಿ ಕಟ್ಟಿದಂತಿದ್ದರೆ, ಅವು ಆಮೇಲೆ ಬಂದವು. ಕೆಡವಿದ ಮೇಲೆ ಈ ಸಾಕ್ಷ್ಯ ಯಾವ ಕಚೇರಿಯಲ್ಲೂ ಸಿಗುವುದಿಲ್ಲವಾದ್ದರಿಂದ ಅರ್ಜಿ, ಕಡತಗಳನ್ನು ಆಮೇಲೆ ನೋಡಿಕೊಳ್ಳಿ. ಈ ವಾರವೇ ಮಾಲೀಕರ ಒಪ್ಪಿಗೆ ಪಡೆದು ಅಳತೆ ತೆಗೆದುಕೊಂಡು, ಒಂದೊಂದು ಗೋಡೆಯನ್ನೂ ಫೋಟೋ ತೆಗೆಯಿರಿ.